ಚಾಲಿ ಮಾರಿದ ದುಡ್ಡು ಯುರೋ ಆದ ಕಥೆ

2025ರ ಡಿಸೆಂಬರ್‌ನಲ್ಲಿ ಡಾಲರ್ 90 ರುಪಾಯಿ ದಾಟ್ತು ಅಂತ ಸುದ್ದಿ ಬಂದ ದಿನ ನಾವೆಲ್ಲ ಅಂಗಳದಲ್ಲಿ ಚಾಲಿ, ಅಂದ್ರೆ ಬಿಸಿಲಿಗೆ ಒಣಗಿಸಿ ಸುಲಿಯೋ ಅಡಿಕೆ, ಹರಡ್ತಾ ಇದ್ವಿ. ಮಾವ ಫೋನ್ ಹಿಡ್ಕೊಂಡು ಹೊರಗೆ ಬಂದವ್ರೇ "ನೋಡು, ಆನು ಮೊದಲೇ ಹೇಳಿದ್ದಿ" ಅಂತ ಶುರು ಹಚ್ಕೊಂಡ್ರು. ಅವ್ರು ಮುಂಬೈಲಿ ನಲವತ್ತು ವರ್ಷ ಕೆಲಸ ಮಾಡಿ ಈಗ ಶಿರಸಿಗೆ ಬಂದು ಕೂತವ್ರು, ದುಡ್ಡಿನ ವಿಷಯದಲ್ಲಿ ಅವ್ರ ಮಾತಿಗೆ ಮನೇಲಿ ಸ್ವಲ್ಪ ತೂಕ ಜಾಸ್ತಿ. 1991ರ ಜುಲೈ ಒಂದನೇ ತಾರೀಕು ಒಂದ್ಸಲ, ಮೂರನೇ ತಾರೀಕು ಇನ್ನೊಂದ್ಸಲ ಸರ್ಕಾರ ರುಪಾಯಿ ಬೆಲೆ ಇಳಿಸಿ, 21ರ ಹತ್ರ ಇದ್ದ ಡಾಲರ್ 26ಕ್ಕೆ ಬಂದು ನಿಂತಿದ್ದನ್ನ ಅವ್ರು ಮುಂಬೈಲಿ ಕೂತು ನೋಡಿದವ್ರು, ಆ ಗಾಯ ಇನ್ನೂ ಆರಿಲ್ಲ. ಅವ್ರ ವಾದ ಬಹಳ ಸಿಂಪಲ್. ರುಪಾಯಿ ಅಂದ್ರೆ ದೇವಿಮನೆ ಘಟ್ಟ, ಇಳಿತಾನೇ ಹೋಗೋದು, ನಡುವೆ ಒಂದೆರಡು ತಿರುವಲ್ಲಿ ಸಪಾಟಾದಂಗೆ ಕಾಣತ್ತೆ ಅಷ್ಟೇ. ಹಾಗಾಗಿ ಇರೋ ಉಳಿತಾಯ ಎಲ್ಲ ತಗೊಂಡು ಸಿಂಗಾಪುರದಲ್ಲೋ ಸ್ವಿಟ್ಜರ್ಲೆಂಡಲ್ಲೋ ಒಂದು ಖಾತೆ ತೆಗೆದು ಇಟ್ಟುಬಿಡಿ.

ನಾನು ಆವತ್ತು ಏನೂ ಹೇಳ್ಲಿಲ್ಲ, ಯಾಕಂದ್ರೆ ವಿದೇಶಿ ಖಾತೆಯ ರುಚಿ ನಂಗೆ ಅದಕ್ಕೂ ಆರು ತಿಂಗಳು ಮುಂಚೆನೇ ಸಿಕ್ಕಿತ್ತು. ಆ ಕಥೆ ಮೊದ್ಲು ಹೇಳ್ಬಿಡ್ತೀನಿ.

ಮಗಳಿಗೆ ಜರ್ಮನಿಲಿ ಎಂ.ಎಸ್. ಸೀಟ್ ಸಿಕ್ತು. ಅಲ್ಲಿ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಫೀಸ್ ಅಂತ ದೊಡ್ಡದೇನಿಲ್ಲ, ಆದ್ರೆ ವೀಸಾ ಬೇಕಂದ್ರೆ ಬ್ಲಾಕ್ಡ್ ಅಕೌಂಟ್ ಅಂತ ಒಂದು ಮಾಡ್ಬೇಕು, ಅದ್ರಲ್ಲಿ 11,904 ಯುರೋ ಮೊದ್ಲೇ ತುಂಬ್ಬೇಕು, ಆಮೇಲೆ ಅವ್ಳು ಅಲ್ಲಿಗೆ ಹೋದ್ಮೇಲೆ ತಿಂಗಳಿಗೆ 992 ಯುರೋ ಹಾಗೆ ಬಿಡ್ತಾರೆ. ನಮ್ಮನೆ ಇತಿಹಾಸದಲ್ಲಿ ಮೊದಲ ವಿದೇಶಿ ಖಾತೆ ಅದೇ. ಅದು ಅವ್ಳ ಹೆಸರಲ್ಲಿ, ಪಾಸ್‌ಪೋರ್ಟ್ ತೋರ್ಸಿ ಆನ್‌ಲೈನಲ್ಲೇ ತೆಗೆದಿದ್ದು, ಅರ್ಧ ಗಂಟೆ ಕೆಲಸ. ದುಡ್ಡು ಕಳ್ಸೋದು ಮಾತ್ರ ಹತ್ತು ದಿನ.

ನಮ್ ಬ್ಯಾಂಕಿನ ಶಾಖೆಲಿ ಫಾರ್ಮ್ ಎ2 (ಹೊರದೇಶಕ್ಕೆ ದುಡ್ಡು ಕಳ್ಸೋ ಅರ್ಜಿ) ಅಂದ್ರೆ ಎಲ್ರೂ ಮುಖ ಮುಖ ನೋಡ್ಕೊಂಡ್ರು. ಪಾಪ ಅವ್ರದ್ದೂ ತಪ್ಪಲ್ಲ, ಬೆಳೆ ಸಾಲ, ಬಂಗಾರದ ಸಾಲ, ಪಿಂಚಣಿ ಇಷ್ಟರಲ್ಲೇ ಅವ್ರ ದಿನ ಮುಗಿಯತ್ತೆ. ಫೈಲ್ ಹುಬ್ಬಳ್ಳಿಗೆ ಹೋಯ್ತು, ಉದ್ದೇಶದ ಕೋಡ್ ತಪ್ಪಿದೆ ಅಂತ ವಾಪಸ್ ಬಂತು, ಮತ್ತೆ ಹೋಯ್ತು. ಕೊನೆಗೂ ದುಡ್ಡು ಹೋಯ್ತು ಅಂತ ಮೆಸೇಜ್ ಬಂದಾಗ ಹೆಂಡ್ತಿ ಪಾಯಸ ಮಾಡಿದ್ಲು. ಮೂರು ದಿನ ಆದ್ಮೇಲೆ ನೋಡಿದ್ರೆ ಅಲ್ಲಿ ತಲುಪಿದ್ದು 11,904ಕ್ಕಿಂತ ಇಪ್ಪತ್ತು ಚಿಲ್ಲರೆ ಯುರೋ ಕಮ್ಮಿ. ನಡುವೆ ಇನ್ಯಾವುದೋ ಬ್ಯಾಂಕ್ ಒಂದಿರತ್ತಂತೆ, ಅದು ತನ್ನ ಪಾಲು ಕಡಿದುಕೊಂಡು ಮುಂದೆ ಕಳ್ಸತ್ತೆ, ಪೂರ್ತಿ ಖರ್ಚು ಕಳ್ಸೋವ್ರದ್ದೇ ಅಂತ ಫಾರ್ಮಲ್ಲಿ ಒಂದು ಕಡೆ ಟಿಕ್ ಹಾಕಿದ್ರೆ ಹೀಗಾಗಲ್ಲ, ಆ ಟಿಕ್ ನಾನೂ ನೋಡಿಲ್ಲ ಅವ್ರೂ ನೋಡಿಲ್ಲ. ಪೂರ್ತಿ ಮೊತ್ತ ಬಾರದೆ ದೃಢೀಕರಣ ಪತ್ರ ಕೊಡಲ್ಲ, ಪತ್ರ ಇಲ್ದೆ ವೀಸಾ ಇಲ್ಲ, ವೀಸಾ ಅಪಾಯಿಂಟ್‌ಮೆಂಟ್ ಮುಂದಿನ ವಾರ ಬೆಂಗಳೂರಲ್ಲಿ. ಮತ್ತೆ ಐವತ್ತು ಯುರೋ ಕಳ್ಸಿದ್ವಿ, ಅದನ್ನ ಕಳ್ಸೋ ಖರ್ಚು ಹೆಚ್ಚುಕಮ್ಮಿ ಅಷ್ಟೇ ಆಯ್ತು. ಅಪ್ಪಯ್ಯ ಇದನ್ನೆಲ್ಲ ಕೇಳಿ "ಬಸ್ಸಲ್ಲಿ ಹೋಗಿ ಕೊಟ್ಟಿಕ್ಕಿ ಬಪ್ಲಾಗಿತ್ತಲ" ಅಂದ್ರು, ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಇದರ ಮೇಲೆ ಟಿಸಿಎಸ್. ಒಂದು ವರ್ಷದಲ್ಲಿ ಒಬ್ರು ಹೊರದೇಶಕ್ಕೆ ಕಳ್ಸೋ ದುಡ್ಡು 10 ಲಕ್ಷ ದಾಟಿದ್ರೆ, ದಾಟಿದ ಭಾಗದ ಮೇಲೆ ಬ್ಯಾಂಕು ತೆರಿಗೆ ಮೊದ್ಲೇ ಹಿಡ್ಕೊಳತ್ತೆ. ಓದಿಗೆ ಅಂದ್ರೆ 2025ರಲ್ಲಿ 5% ಇತ್ತು, ಖಾತೆಲಿ ಇಡೋಕೆ, ಶೇರು ತಗೊಳಕೆ ಅಂದ್ರೆ 20%. 2025ರ ಏಪ್ರಿಲ್‌ವರೆಗೆ ಈ ಮಿತಿ 7 ಲಕ್ಷ ಇತ್ತು. ನಂಗೆ ಸುಮಾರು ಹತ್ತು ಸಾವಿರ ಹೋಯ್ತು. ಅದು ಕಳ್ಕೊಂಡ ದುಡ್ಡಲ್ಲ, ರಿಟರ್ನ್ ತುಂಬುವಾಗ ನಮ್ಮ ತೆರಿಗೆಗೆ ವಜಾ ಆಗತ್ತೆ ಇಲ್ಲಾ ವಾಪಸ್ ಬರತ್ತೆ, ಆದ್ರೆ ತೋಟದ ಆದಾಯದ ಮೇಲೇ ಬದುಕೋರಿಗೆ ರಿಟರ್ನ್ ತುಂಬೋ ಅಭ್ಯಾಸನೇ ಇರಲ್ಲ, ಅವ್ರ ದುಡ್ಡು ಅಲ್ಲೇ ಕೂತಿರತ್ತೆ. ಮಿತಿ ತಲೆಗೆ ಇಷ್ಟು ಅಂತ, ಮನೆಗೆ ಇಷ್ಟು ಅಂತಲ್ಲ. ಅರ್ಧ ನಾನು ಅರ್ಧ ಹೆಂಡ್ತಿ ಕಳ್ಸಿದ್ರೆ ಟಿಸಿಎಸ್ಸೇ ಇರ್ತಿರ್ಲಿಲ್ಲ, ಇದು ಆಮೇಲೆ ಗೊತ್ತಾಗಿದ್ದು.

ಸರಿ, ಇವೆಲ್ಲ ಚಿಲ್ಲರೆ ನೋವು. ದೊಡ್ಡ ನೋವು ಬೇರೆ. ಜನವರಿ 2025ರಲ್ಲಿ ಯುರೋ 89 ರುಪಾಯಿ ಆಸುಪಾಸು ಇತ್ತು. ಆಗ ಮನೇಲಿ ಚಾಲಿ ಚೀಲ ಕಟ್ಟಿ ಇಟ್ಟಿದ್ವಿ, ಮಾರಿದ್ರೆ ದುಡ್ಡು ಕೈಲಿ ಇರ್ತಿತ್ತು, ಆದ್ರೆ ನಮ್ ಕಡೆಯವ್ರ ರೋಗ ಗೊತ್ತಲ್ಲ, ದರ ಇನ್ನೂ ಸ್ವಲ್ಪ ಏರಲಿ ಇನ್ನೂ ಸ್ವಲ್ಪ ಏರಲಿ ಅಂತ ಇಟ್ಕೊಂಡೇ ಕೂತ್ವಿ. ಜುಲೈನಲ್ಲಿ ಕಳ್ಸುವಾಗ ಯುರೋ ನೂರು ದಾಟಿತ್ತು, ಬ್ಯಾಂಕು ನಮಗೆ ಹಾಕಿದ ದರ 101 ಮೇಲೆ. ಲೆಕ್ಕ ಹಾಕಿ, 11,904 ಯುರೋಗೆ ಹೆಚ್ಚುಕಮ್ಮಿ ಒಂದು ಲಕ್ಷ ನಲವತ್ತು ಸಾವಿರ ಜಾಸ್ತಿ ಕೊಟ್ಟಂಗಾಯ್ತು. ಚಾಲಿ ದರದಲ್ಲಿ ಕಾದು ಗಳಿಸಿದ್ದು ಇದರ ಮುಂದೆ ಏನೂ ಅಲ್ಲ.

ಇದನ್ನ ಕೇಳಿದ ಕೂಡ್ಲೆ ಮಾವ "ಅದಕ್ಕೇ ಹೇಳಿದ್ದು ಡಾಲರಲ್ಲಿ ಇಡಿ ಅಂತ" ಅಂದ್ರು. ಇಲ್ಲೇ ನಂಗೆ ಒಂದು ವಿಷಯ ಹೊಳೆದಿದ್ದು. ಆ ಆರು ತಿಂಗಳು ಡಾಲರ್ ರುಪಾಯಿ ಎದ್ರು ಎಲ್ಲಿ ಹೋಗಿತ್ತು ನೋಡಿದ್ರೆ, ಜನವರಿಲೂ 86ರ ಹತ್ರ, ಜುಲೈನಲ್ಲೂ 86ರ ಹತ್ರ. ಎಲ್ಲೂ ಹೋಗಿರ್ಲಿಲ್ಲ ಮಾರಾಯ್ರೆ! ಆ ಹೊತ್ತಲ್ಲಿ ರುಪಾಯಿ ಡಾಲರ್ ಎರಡೂ ಯುರೋ ಎದ್ರು ಒಟ್ಟಿಗೇ ಬಿದ್ದಿದ್ದು. ನಾನು ಮಾವನ ಮಾತು ಕೇಳಿ ಜನವರಿಲಿ ದುಡ್ಡೆಲ್ಲ ಡಾಲರ್ ಖಾತೆಲಿ ಹಾಕಿದ್ರೂ ಜರ್ಮನಿಗೆ ಕಳ್ಸುವಾಗ ಅಷ್ಟೇ ಏಟು ತಿಂತಿದ್ದೆ, ಮೇಲಿಂದ ಎರಡು ಸಲ ಬದಲಾಯ್ಸಿದ ಖರ್ಚು ಬೇರೆ. ವಿದೇಶಿ ದುಡ್ಡು ಅಂತ ಒಂದು ಜಾತಿ ಇಲ್ಲ. ಯಾವ ದೇಶದಲ್ಲಿ ಖರ್ಚು ಇದೆಯೋ ಆ ದೇಶದ್ದು ಬೇಕು.

ಆದ್ರೂ ಮಾವನ ಮಾತನ್ನ ಸುಮ್ನೆ ತಳ್ಳಿ ಹಾಕೋದು ಬೇಡ ಅಂತ ಒಂದಿನ ಎಕ್ಸೆಲ್ ತೆಗೆದು ಕೂತೆ (ನನ್ನ ಹೊಟ್ಟೆಪಾಡೇ ಮನೇಲಿ ಕೂತು ಎಕ್ಸೆಲ್ ತುಂಬೋದು, ತೋಟ ಎರಡು ಎಕರೆ, ಅದೂ ಅಪ್ಪಯ್ಯನ ಹೆಸರಲ್ಲಿ). 2005ರಲ್ಲಿ ಡಾಲರ್ 44 ರುಪಾಯಿ. ಹತ್ತು ಲಕ್ಷ ಇದ್ದವ್ನು ಅದನ್ನ ಡಾಲರ್ ಮಾಡಿದ್ರೆ 22,700 ಡಾಲರ್ ಚಿಲ್ಲರೆ. ಅಮೆರಿಕದಲ್ಲಿ 2009ರಿಂದ 2015ರವರೆಗೆ ಬಡ್ಡಿ ಹೆಚ್ಚುಕಮ್ಮಿ ಸೊನ್ನೆ, ಕೊರೊನಾ ಟೈಮಲ್ಲಿ ಮತ್ತೆ ಸೊನ್ನೆ, ಹಾಗಾಗಿ ಇಪ್ಪತ್ತು ವರ್ಷಕ್ಕೆ ಸರಾಸರಿ 2% ಅಂತ ಹಿಡಿದೆ, ಅದೇ ಧಾರಾಳ. 2025ಕ್ಕೆ ಅದು ಸುಮಾರು 33,800 ಡಾಲರ್ ಆಗತ್ತೆ, 88 ರುಪಾಯಿ ಲೆಕ್ಕದಲ್ಲಿ 29.7 ಲಕ್ಷ. ಅದೇ ಹತ್ತು ಲಕ್ಷ ಇಲ್ಲೇ 7% ಎಫ್‌ಡಿಲಿ ಇಟ್ಟಿದ್ರೆ 38.7 ಲಕ್ಷ! ಡಾಲರ್ ಬೆಲೆ ಎರಡು ಪಟ್ಟಾದ್ರೂ ಎಫ್‌ಡಿಯೇ ಗೆದ್ದಿದ್ದು. ಡಾಲರ್ ವರ್ಷಕ್ಕೆ ಮೂರೂವರೆ ಪರ್ಸೆಂಟ್ ಏರಿದೆ ಅಂತ ನಾವು ಹೊಟ್ಟೆ ಉರ್ಕೊಳ್ತೀವಿ, ಆದ್ರೆ ಇಲ್ಲಿಯ ಬಡ್ಡಿ ಅಲ್ಲಿಗಿಂತ ಅದಕ್ಕೂ ಜಾಸ್ತಿ ಇತ್ತು ಅನ್ನೋದು ಪೇಪರಲ್ಲಿ ಬರಲ್ಲ.

ಎಕ್ಸೆಲ್ ಮುಚ್ಚೋ ಮುಂಚೆ ತೆರಿಗೆನೂ ಹಾಕಿ ನೋಡಿದೆ, ಅಲ್ಲಿ ಕಥೆ ಸ್ವಲ್ಪ ತಿರುಗ್ತು. 30% ಸ್ಲ್ಯಾಬಲ್ಲಿ ಇರೋವ್ನಿಗೆ 7% ಬಡ್ಡಿ ಕೈಗೆ ಬರೋದು 4.9%, ಇಪ್ಪತ್ತು ವರ್ಷಕ್ಕೆ 26 ಲಕ್ಷ. ಡಾಲರ್ ಬಡ್ಡಿಗೂ ಇಲ್ಲಿ ತೆರಿಗೆ ಕಟ್ಬೇಕು, ಕಟ್ಟಿದ್ಮೇಲೆ 1.4%, ಆದ್ರೂ ಡಾಲರ್ ಏರಿದ ಲಾಭ ಹಾಗೇ ಉಳ್ಕೊಂಡ್ರೆ 26.4 ಲಕ್ಷ. ಅಂದ್ರೆ ಸರಿಸಮ. ಹಾಗಾಗಿ ದೊಡ್ಡ ಸಂಬಳದ ಬೆಂಗಳೂರಿನವ್ರಿಗೆ ಮಾವನ ಮಾತು ಪೂರ್ತಿ ಸುಳ್ಳಲ್ಲ. ತೋಟದ ಆದಾಯದ ಮನೆಗಳಿಗೆ, ಬಡ್ಡಿಗೆ ತೆರಿಗೆನೇ ಬೀಳದವ್ರಿಗೆ, ಅದು ಸೋಲೋ ಆಟ. ಸ್ವಿಸ್ ಫ್ರಾಂಕ್ ಅಂತೂ ಕೇಳ್ಲೇಬೇಡಿ, ಗಟ್ಟಿ ಕರೆನ್ಸಿ ಹೌದು, ಆದ್ರೆ 2015ರಿಂದ 2022ರವರೆಗೆ ಅಲ್ಲಿಯ ಕೇಂದ್ರ ಬ್ಯಾಂಕಿನ ಬಡ್ಡಿ ದರನೇ ಸೊನ್ನೆಗಿಂತ ಕೆಳಗಿತ್ತು. ಇದನ್ನ ಅಪ್ಪಯ್ಯಂಗೆ ಹೇಳಿದಾಗ "ನಮ್ಮ ದುಡ್ಡು ಇಡಲೆ ನಾವೇ ಬಾಡಿಗೆ ಕೊಡವಾ?" ಅಂದ್ರು. ಹೌದು, ಹೆಚ್ಚುಕಮ್ಮಿ ಅದೇ.

ಭಟ್ಕಳದಲ್ಲಿ ನನ್ನ ಕಾಲೇಜು ದೋಸ್ತ್ ಒಬ್ಬ ಇದಾನೆ, ಹದಿನೆಂಟು ವರ್ಷ ದುಬೈಲಿ ಇದ್ದು ಈಗ ವಾಪಸ್ ಬಂದಿದಾನೆ. ಅವ್ನ ಹತ್ರ ಮಾತಾಡಿದ್ರೆ ಇದೆಲ್ಲ ಬೇರೆ ಥರ ಕಾಣತ್ತೆ. ಅವ್ನಿಗೆ ವಿದೇಶಿ ಖಾತೆ ಅಂದ್ರೆ ದೊಡ್ಡ ವಿಷಯನೇ ಅಲ್ಲ, ಅಲ್ಲಿ ದುಡಿದ ದುಡ್ಡು ಅಲ್ಲೇ ಇತ್ತು. ವಾಪಸ್ ಬಂದ್ಮೇಲೂ ಅಲ್ಲಿದ್ದಾಗ ಗಳಿಸಿದ್ದನ್ನ ಅಲ್ಲೇ ಇಟ್ಕೊಳಕೆ ಫೆಮಾ ಅನ್ನೋ ವಿದೇಶಿ ವಿನಿಮಯ ಕಾನೂನು ಬಿಡತ್ತೆ, ಬೇಡ ಅಂದ್ರೆ ಇಲ್ಲಿಯ ಬ್ಯಾಂಕಲ್ಲೇ ಆರ್‌ಎಫ್‌ಸಿ ಖಾತೆ ಅಂತ ತೆಗೆದು ಡಾಲರ್ ಡಾಲರಾಗೇ ಇಡ್ಬಹುದು, ಅವ್ನು ಅದನ್ನೇ ಮಾಡಿದಾನೆ. ದಿರ್ಹಮ್ ಅಂತೂ 1997ರಿಂದ ಡಾಲರಿಗೆ 3.6725 ಅಂತ ಕಟ್ಟಿ ಹಾಕಿದ್ದಾರೆ, ಹಾಗಾಗಿ ದುಬೈಲಿ ದುಡಿಯೋವ್ರು ಗೊತ್ತಿಲ್ದೇನೇ ಡಾಲರಲ್ಲಿ ಉಳಿಸ್ತಾ ಇರ್ತಾರೆ.

ಅವ್ನೇ ಹೇಳಿದ್ದು ಇನ್ನೊಂದು ಮಜಾ ಕಥೆ, ಆಮೇಲೆ ಓದಿ ಖಾತ್ರಿ ಮಾಡ್ಕೊಂಡೆ. ಒಂದು ಕಾಲದಲ್ಲಿ ದುಬೈ, ಕತಾರ್, ಬಹ್ರೇನ್, ಕುವೈತ್ ಎಲ್ಲ ಕಡೆ ನಡೀತಿದ್ದಿದ್ದು ನಮ್ಮ ರುಪಾಯಿನೇ! ಬಂಗಾರದ ಕಳ್ಳಸಾಗಣೆಗೆ ನಮ್ಮ ನೋಟು ಬಳಸ್ತಾರೆ ಅಂತ 1959ರಲ್ಲಿ ರಿಸರ್ವ್ ಬ್ಯಾಂಕು ಅವ್ರಿಗೆ ಅಂತನೇ ಬೇರೆ ನೋಟು ಮಾಡ್ತು, ಗಲ್ಫ್ ರುಪಾಯಿ ಅಂತಿದ್ರು. ಕುವೈತ್ 1961ರಲ್ಲೇ ತನ್ನ ದಿನಾರ್ ಮಾಡ್ಕೊಂಡ್ತು. 1966ರ ಜೂನ್‌ನಲ್ಲಿ ನಾವು ಡಾಲರಿಗೆ 4.76 ಇದ್ದಿದ್ದನ್ನ 7.50 ಮಾಡಿದಾಗ ಕತಾರ್ ದುಬೈನವ್ರೂ ರುಪಾಯಿ ಕೈಬಿಟ್ರು. ಅಂದ್ರೆ ರುಪಾಯಿ ಬಿಟ್ಟು ಓಡೋ ಈ ಆಟ ಹೊಸದಲ್ಲ, ಇಡೀ ದೇಶಗಳೇ ಆಡಿವೆ. ಅವ್ರ ಕಾಲ ಕೆಳಗೆ ಎಣ್ಣೆ ಇತ್ತು, ನಮ್ಮ ಕಾಲ ಕೆಳಗೆ ಕೊಳೆ ಬಂದ ಅಡಿಕೆ.

ಹಾಂ, ಕಾನೂನು. ಮುಚ್ಚುಮರೆ ಏನಿಲ್ಲ, ಭಾರತದಲ್ಲಿ ಇರೋ ಯಾರು ಬೇಕಾದ್ರೂ ಹೊರದೇಶದಲ್ಲಿ ಖಾತೆ ತೆಗೀಬಹುದು. ಎಲ್‌ಆರ್‌ಎಸ್ ಅಂತ ಹೊರದೇಶಕ್ಕೆ ದುಡ್ಡು ಕಳ್ಸೋ ಯೋಜನೆ ಇದೆ, 2004ರಲ್ಲಿ 25,000 ಡಾಲರ್ ಮಿತಿಲಿ ಶುರುವಾಗಿದ್ದು ಈಗ ವರ್ಷಕ್ಕೆ ತಲೆಗೆ 2,50,000 ಡಾಲರ್, ನಮ್ಮಂಥವ್ರ ಹತ್ತು ತೋಟ ಮಾರಿದ್ರೂ ಮುಟ್ಟಲ್ಲ. ಆದ್ರೆ 2013ರಲ್ಲಿ ಡಾಲರ್ 61 ರುಪಾಯಿ ದಾಟಿ ಸರ್ಕಾರಕ್ಕೆ ಬೆವರು ಬಂದಾಗ ಎರಡು ಲಕ್ಷ ಡಾಲರ್ ಇದ್ದ ಮಿತಿನ ಒಂದೇ ಏಟಿಗೆ 75,000ಕ್ಕೆ ಇಳಿಸಿದ್ರು. ನಿಮಗೆ ಓಡ್ಬೇಕು ಅನ್ಸೋ ದಿನವೇ ಗೇಟು ಸಣ್ಣದಾಗತ್ತೆ, ಇದೊಂದು ತಲೇಲಿ ಇಟ್ಕೊಳಿ. ಇನ್ನೊಂದು, 2022ರಿಂದ ಹೀಗೆ ಕಳ್ಸಿದ ದುಡ್ಡು ಸುಮ್ನೆ ಖಾಲಿ ಕೂತಿರೋ ಹಾಗಿಲ್ಲ, ಯಾವ್ದಕ್ಕೂ ತೊಡಗಿಸದೆ ಖರ್ಚೂ ಮಾಡದೆ ಇದ್ರೆ 180 ದಿನದೊಳಗೆ ವಾಪಸ್ ತರ್ಬೇಕು. ಮಾವನ ಕಲ್ಪನೆ ಇದ್ದಿದ್ದೇ ಸೇವಿಂಗ್ಸ್ ಖಾತೆಲಿ ಹಾಕಿ ಮರ್ತುಬಿಡೋದು, ಅದಕ್ಕೇ ಕಲ್ಲು ಬಿತ್ತು.

ಆಮೇಲೆ ರಿಟರ್ನ್. ಹೊರಗೆ ಒಂದು ಖಾತೆ ಇದ್ರೂ ಸಾಕು, ಸುಲಭದ ಐಟಿಆರ್-1 ಹೋಯ್ತು, ಐಟಿಆರ್-2ಲಿ ಶೆಡ್ಯೂಲ್ ಎಫ್‌ಎ ಅನ್ನೋ ವಿದೇಶಿ ಆಸ್ತಿ ಪಟ್ಟಿ ತುಂಬ್ಬೇಕು, ಅದೂ ಏಪ್ರಿಲ್-ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕ, ವರ್ಷದಲ್ಲಿ ಅತಿ ಹೆಚ್ಚು ಎಷ್ಟಿತ್ತು, ಕೊನೆಗೆ ಎಷ್ಟಿತ್ತು, ಬಡ್ಡಿ ಎಷ್ಟು ಎಲ್ಲ. ಬಿಟ್ರೆ 2015ರ ಕಪ್ಪುಹಣ ಕಾಯ್ದೆಲಿ 10 ಲಕ್ಷ ದಂಡ. ಖಾತೆಲಿ ಆರು ಲಕ್ಷ ಇದ್ರೂ ದಂಡ ಹತ್ತು ಲಕ್ಷ ಬರಬಹುದು ಅನ್ನೋ ಹೆದರಿಕೆ ಎಷ್ಟೋ ಜನಕ್ಕೆ ಇತ್ತು, 2024ರ ಅಕ್ಟೋಬರ್‌ನಿಂದ ಜಮೀನು ಮನೆ ಬಿಟ್ಟು ಬಾಕಿ ಆಸ್ತಿ ಒಟ್ಟು 20 ಲಕ್ಷದೊಳಗೆ ಇದ್ರೆ ಆ ದಂಡ ಇಲ್ಲ ಅಂತ ಮಾಡಿದಾರೆ. ಹಾಗಂತ ತೋರ್ಸೋದು ಬಿಡೋ ಹಾಗಿಲ್ಲ, ತೋರ್ಸಲೇಬೇಕು. ಮುಚ್ಚಿಡ್ತೀನಿ ಅನ್ನೋದೂ ಈಗ ಆಗಲ್ಲ, ಹೆಚ್ಚಿನ ದೇಶಗಳ ಬ್ಯಾಂಕುಗಳ ಮಾಹಿತಿ ಅಲ್ಲಿಯ ತೆರಿಗೆ ಇಲಾಖೆ ಮೂಲಕ ವರ್ಷ ವರ್ಷ ಇಲ್ಲಿಗೆ ಬರತ್ತೆ.

ಇದೆಲ್ಲ ಕೇಳಿ ಮಾವ ಸ್ವಲ್ಪ ತಣ್ಣಗಾದ್ರು, ಆದ್ರೆ ಬಿಡ್ಲಿಲ್ಲ. "ಇಲ್ಲಿ ಬ್ಯಾಂಕು ಮುಳುಗಿದ್ರೆ?" ಅಂತ ಕೇಳಿದ್ರು. ಇದು ಒಳ್ಳೆ ಪ್ರಶ್ನೆ. ಇಲ್ಲಿ ಒಂದು ಬ್ಯಾಂಕಲ್ಲಿ ಒಬ್ರ ಠೇವಣಿಗೆ 5 ಲಕ್ಷದವರೆಗೆ ವಿಮೆ, ಅಮೆರಿಕದಲ್ಲಿ 2,50,000 ಡಾಲರ್. ಸಿಂಗಾಪುರದಲ್ಲಿ ಒಂದು ಲಕ್ಷ ಸಿಂಗಾಪುರ ಡಾಲರ್, ಆದ್ರೆ ಅದು ಅವ್ರದ್ದೇ ಕರೆನ್ಸಿಲಿ ಇಟ್ಟ ಠೇವಣಿಗೆ ಮಾತ್ರ, ಅಲ್ಲಿ ಅಮೆರಿಕದ ಡಾಲರ್ ಇಟ್ರೆ ಆ ವಿಮೆ ಇಲ್ಲ, ಮಾವ ಇಡ್ಬೇಕು ಅಂದಿದ್ದು ಅದನ್ನೇ. ಆದ್ರೆ ನಾನು ತಿರುಗಿ ಕೇಳಿದ್ದು ಬೇರೆ. ನಿಮ್ಮ ಠೇವಣಿ ಈಗ ಎಲ್ಲಿದೆ? ಅರ್ಧಕ್ಕಿಂತ ಜಾಸ್ತಿ ಊರಿನ ಪತ್ತಿನ ಸೊಸೈಟಿಲಿ, ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತಾರೆ ಅಂತ. ಸಹಕಾರಿ ಬ್ಯಾಂಕಿಗೆ ಆ 5 ಲಕ್ಷದ ವಿಮೆ ಇದೆ, ಪತ್ತಿನ ಸೊಸೈಟಿಗೆ ಒಂದು ರುಪಾಯಿದೂ ಇಲ್ಲ. ಸಿಂಗಾಪುರದ ಬ್ಯಾಂಕ್ ಗಟ್ಟಿ ಇದ್ಯಾ ಅಂತ ಕೇಳೋ ಮನುಷ್ಯ ಸೊಸೈಟಿಯ ಬ್ಯಾಲೆನ್ಸ್ ಶೀಟ್ ಒಂದ್ಸಲನೂ ತೆಗೆದು ನೋಡಿಲ್ಲ. ಮಾವ ಮಾತಾಡ್ಲಿಲ್ಲ, ಎದ್ದು ಕವಳ (ಎಲೆ ಅಡಿಕೆ) ಹಾಕ್ಕೊಂಡ್ರು.

ನಿಜ ಹೇಳ್ಬೇಕಂದ್ರೆ ನಂಗೆ ರುಪಾಯಿ ಭಯ ಅಷ್ಟಿಲ್ಲ, ಅಡಿಕೆ ಮರಕ್ಕೆ ಬರೋ ಎಲೆಚುಕ್ಕಿ ರೋಗದ ಭಯ ಇದೆ. ನಮ್ಮ ಉಳಿತಾಯ ರುಪಾಯಿಲಿ ಇದೆ ಅಂತ ನಾವು ಅಂದ್ಕೊಂಡಿದೀವಿ, ಇಲ್ಲ, ಅದು ಅಡಿಕೆಲಿ ಇದೆ. ತೋಟ ಅಡಿಕೆ, ಗೋದಾಮಲ್ಲಿರೋ ಚೀಲ ಅಡಿಕೆ, ಸೊಸೈಟಿ ಸಾಲ ಕೊಟ್ಟಿದ್ದು ಅಡಿಕೆ ಬೆಳೆಯೋರಿಗೆ, ಮನೆ ಪಕ್ಕದ ಅಂಗಡಿ ನಡಿಯೋದು ಅಡಿಕೆ ದುಡ್ಡಲ್ಲಿ. ದಿಲ್ಲಿಲಿ ಕೂತು ಕಿಲೋಗೆ 351 ರುಪಾಯಿಗಿಂತ ಕಮ್ಮಿ ಬೆಲೆಯ ಅಡಿಕೆ ಆಮದು ಮಾಡ್ಬೇಡಿ ಅಂತ 2023ರಲ್ಲಿ ಹಾಕಿದ ಆ ಒಂದು ಸಾಲು ನಾಳೆ ಅಳಿಸಿದ್ರೆ ನಮ್ಮ ಇಡೀ ತಾಲೂಕಿನ ಎಫ್‌ಡಿ, ಜಾಗದ ಬೆಲೆ ಎಲ್ಲ ಒಟ್ಟಿಗೆ ಅಲುಗಾಡತ್ತೆ. ರುಪಾಯಿ ಬಿದ್ರೆ ಹೊರಗಿನ ಅಡಿಕೆ ತುಟ್ಟಿ ಆಗತ್ತೆ, ಅಂದ್ರೆ ರುಪಾಯಿ ಬೀಳೋದು ನಮಗೆ ಒಂದು ಲೆಕ್ಕದಲ್ಲಿ ಒಳ್ಳೇದೇ. ಇದನ್ನ ಮಾವನ ಎದ್ರಿಗೆ ಹೇಳೋ ಧೈರ್ಯ ಇನ್ನೂ ಬಂದಿಲ್ಲ. ಹಾಗಾಗಿ ಅಡಿಕೆ ದುಡ್ಡನ್ನ ಮೊದ್ಲು ಅಡಿಕೆಯಿಂದ ದೂರ ಇಡ್ಬೇಕು, ಅದಕ್ಕೆ ಸಿಂಗಾಪುರ ಬೇಡ, ಘಟ್ಟದ ಹೊರಗಿನ ಯಾವ್ದಾದ್ರೂ ಸಾಕು.

ಮಗಳ ಎರಡನೇ ವರ್ಷದ ದುಡ್ಡು ಮಾತ್ರ ಬೇರೆ. ಅದು ಈ ಸೆಪ್ಟೆಂಬರ್‌ಗೆ ಬೇಕು, ಯುರೋಲೇ ಬೇಕು, ಅದಕ್ಕೆ ರುಪಾಯಿ ಎಫ್‌ಡಿ ಉಪಯೋಗ ಇಲ್ಲ. 2024ರ ಜುಲೈಯಿಂದ ನಮ್ಮಂಥವ್ರು ಗುಜರಾತಿನ ಗಿಫ್ಟ್ ಸಿಟಿ ಅನ್ನೋ, ವಿದೇಶಿ ಕರೆನ್ಸಿ ವ್ಯವಹಾರಕ್ಕೆ ಅಂತನೇ ಇರೋ ಜಾಗದ ಬ್ಯಾಂಕ್ ಶಾಖೆಗಳಲ್ಲೂ ವಿದೇಶಿ ಕರೆನ್ಸಿ ಖಾತೆ ತೆಗೆದು ಅಲ್ಲಿಂದ ಬೇರೆ ದೇಶಕ್ಕೆ ಕಳ್ಸಬಹುದು ಅಂತ ರಿಸರ್ವ್ ಬ್ಯಾಂಕು ದಾರಿ ಮಾಡಿದೆ, ಎಲ್‌ಆರ್‌ಎಸ್ ಮಿತಿ, ಟಿಸಿಎಸ್ ಎಲ್ಲ ಅಲ್ಲೂ ಇದೆ, ಆದ್ರೆ ನಾಳೆ ನಂಗೆ ಏನಾದ್ರೂ ಆದ್ರೆ ಹೆಂಡ್ತಿ ಯಾವ್ದೋ ದೇಶದ ಕೋರ್ಟಿಗೆ ಕಾಗದ ಕಳ್ಸೋ ಪಾಡು ಇರಲ್ಲ. ಫಾರ್ಮ್ ತಂದಿಟ್ಟಿದೀನಿ, ತೆಗೆಯೋದಾ ಇಲ್ಲಾ ಸೀದಾ ಮಗಳ ಅಲ್ಲಿಯ ಖಾತೆಗೇ ಎರಡು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕಳ್ಸೋದಾ ನೋಡ್ತಾ ಇದೀನಿ. ಅವ್ಳು ಅಲ್ಲೇ ಇದ್ದು ಖರ್ಚು ಮಾಡೋದ್ರಿಂದ ಎರಡನೇದೇ ಸಸಾರ ಅನ್ಸತ್ತೆ, ಪ್ರತಿ ಸಲ ಕಳ್ಸೋ ಖರ್ಚೊಂದು ನೋಡ್ಕೋಬೇಕು.

ಯಾವ್ದೇ ಆಗ್ಲಿ, ಈ ಸಲ ಚಾಲಿ ಕಾಯ್ಸಲ್ಲ ಅಂತ ಹೆಂಡ್ತಿ ಆಗ್ಲೇ ಹೇಳಿಬಿಟ್ಟಿದಾಳೆ. ಇನ್ನು ಸುಲಿಯೋರು ಸಿಗ್ಬೇಕು. ಜಾತ್ರೆ ಹತ್ರ ಬಂತು, ಒಮ್ಮೆ ಮಾರಿಕಾಂಬೆ ಜಾತ್ರೆ ಶುರುವಾದ್ರೆ ಒಂದು ಆಳೂ ಅಂಗಳಕ್ಕೆ ಕಾಲಿಡಲ್ಲ.